ಕೊರೆಯುವ ಮುಂಚೆ ಒಂದು ಸುತ್ತು

ಕಬ್ಬಿಣದ ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೂ ಆ ಊರಿನವರು ನೀರು ಹಿಡಿಯುವಾಗ ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟುವುದನ್ನು ಬಿಟ್ಟಿರಲಿಲ್ಲ. ಗಣಿಯ ಕಾಲದಲ್ಲಿ ಕೆಂಪು ಧೂಳು ಗೋಡೆಯನ್ನೂ ಬಿಡುತ್ತಿರಲಿಲ್ಲ, ಕಣ್ಣಿನ ರೆಪ್ಪೆಯನ್ನೂ ಬಿಡುತ್ತಿರಲಿಲ್ಲ. ಬಟ್ಟೆ ಕೆಂಪಾದರೆ ನೀರು ಚೆಲ್ಲು, ಬೆಳ್ಳಗಿದ್ದರೆ ಕುಡಿ. ಊರಿಗೆಲ್ಲ ಗೊತ್ತಿದ್ದ ನೀರಿನ ಪರೀಕ್ಷೆ ಇಷ್ಟೇ.

ಈ ಪರೀಕ್ಷೆಯಲ್ಲಿ ಸದಾ ಮೊದಲ ದರ್ಜೆ ಶವಲಜ್ಜನ ಮನೆಯ ಕೈಪಂಪಿನದು. ಗಣಿಯಲ್ಲಿ ಅದಿರು ಎತ್ತಿ ಲಾರಿಗೆ ಸುರಿಯುವ ಶವಲ್ ಯಂತ್ರ ನಡೆಸುತ್ತಿದ್ದವನು ಅವನು. ಕೆಲಸ ಹೋಯಿತು, ಹೆಸರು ಮಾತ್ರ ಉಳಿಯಿತು. ಈಗ ಮಗನ ಜೊತೆ ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಅಂಗಳದ ಆ ಬೋರನ್ನು ಅವನು ತನ್ನ ಕೊನೆಯ ಸಂಬಳದಲ್ಲಿ ಕೊರೆಸಿದ್ದ. ಅದರ ಸುದ್ದಿ ಬಂದರೆ ಅಜ್ಜನ ಕೈ ತಾನಾಗಿಯೇ ಮೀಸೆಗೆ ಹೋಗುತ್ತಿತ್ತು.

ಹೀಗಿರುವಾಗ ಊರಿಗೆ ಒಂದು ಕಂಪನಿಯ ಜೀಪುಗಳು ಬಂದವು. ಬೆಟ್ಟದಲ್ಲಿ ಚಿನ್ನ, ತಾಮ್ರ ಇದೆಯೋ ಏನೋ ಹುಡುಕುತ್ತಾರಂತೆ, ಮುಂದಿನ ವಾರ ಯಂತ್ರ ತಂದು ಕೊರೆಯುತ್ತಾರಂತೆ. ಅಂದಿನಿಂದ ಅಜ್ಜ ದಿನಾ ಗಡ್ಡ ಬೋಳಿಸತೊಡಗಿದ. ಅಟ್ಟದ ಮೇಲಿದ್ದ ಹಳೇ ಹೆಲ್ಮೆಟ್ಟು ಕೆಳಗಿಳಿದು, ಒರೆಸಿಕೊಂಡು, ಗೂಟಕ್ಕೆ ಬಂದು ಕೂತಿತು.

ಒಂದು ಬೆಳಗ್ಗೆ ಆರೋಗ್ಯ ಕೇಂದ್ರದ ನರ್ಸಕ್ಕ ಅಜ್ಜನ ಮೊಮ್ಮಗಳ ತೂಕ ನೋಡಲು ಬಂದಳು. ಮಗುವಿಗೆ ಆಗಷ್ಟೇ ಗಂಜಿ ತಿನ್ನಿಸಲು ಶುರುಮಾಡಿದ್ದರು. ನರ್ಸಕ್ಕ ಗಂಜಿಯ ಬಟ್ಟಲು ನೋಡಿದಳು, ಅಂಗಳದ ಪಂಪು ನೋಡಿದಳು.

"ದೊಡ್ಡಪ್ಪ, ಅವರು ಕೊರೆಯೋಕೆ ಮುಂಚೆ ನಿಮ್ಮ ಬೋರಿನ ನೀರು ಪರೀಕ್ಷೆ ಮಾಡಿಸೋಣ. ಊರಿನ ಎಲ್ಲಾ ಬೋರಿಂದೂ ಮಾಡಿಸ್ತಿದ್ದೀವಿ."

"ಯಾಕಮ್ಮ, ನನ್ನ ನೀರಿಗೇನು ಜ್ವರ ಬಂದಿದ್ಯಾ?" ಅಜ್ಜ ಕೊಡದ ಬಟ್ಟೆ ಬಿಚ್ಚಿ ಅವಳ ಮುಖದ ಮುಂದೆ ಹಿಡಿದ. "ನೋಡು, ಮಲ್ಲಿಗೆ ಹೂವಿನ ಹಾಗಿದೆ."

"ಕಬ್ಬಿಣ ಆದ್ರೆ ಬಣ್ಣ ತೋರಿಸುತ್ತೆ ದೊಡ್ಡಪ್ಪ. ಚಿನ್ನ, ತಾಮ್ರ ಇರೋ ಬಂಡೆಯಲ್ಲಿ ಕೆಲವು ಕಡೆ ಆರ್ಸೆನಿಕ್ ಅನ್ನೋ ವಿಷಾನೂ ಇರುತ್ತೆ. ನೀರಲ್ಲಿ ಸೇರಿದ್ರೆ ಬಣ್ಣಾನೂ ಇಲ್ಲ, ವಾಸನೆನೂ ಇಲ್ಲ. ಬಟ್ಟೇಲಿ ನಿಲ್ಲಲ್ಲ, ಕುದಿಸಿದ್ರೂ ಹೋಗಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ."

ಅಜ್ಜ ಸಿಡುಕಿದ. "ಈಗ ನಾವು ಬಾಟಲಿ ಹಿಡ್ಕೊಂಡು ಓಡಾಡಿದ್ರೆ ಆ ಕಂಪನಿಯವರು ಏನಂತಾರೆ? ಈ ಊರಿನವರು ಬರೀ ತಕರಾರಿನವರು ಅಂತ ಗಂಟುಮೂಟೆ ಕಟ್ತಾರೆ. ನನ್ನ ಮಗ ಇನ್ನೆಷ್ಟು ವರ್ಷ ಪಂಕ್ಚರ್ ಹಾಕ್ಕೊಂಡಿರ್ಬೇಕಮ್ಮ?"

ನರ್ಸಕ್ಕನಿಗೆ ಸಂಕಟವಾಯಿತು. "ನಮ್ಮಪ್ಪನೂ ಅದೇ ಗಣಿಯವರಲ್ವಾ? ನಿಮ್ಮ ಆಸೆ ನಂಗೆ ಗೊತ್ತಾಗುತ್ತೆ. ಆದ್ರೆ ಈಗ ಬರ್ತಿರೋದು ಗಣಿ ಅಲ್ಲ, ಬರೀ ಹುಡುಕಾಟ. ತೂತು ಕೊರೆದು ಕಲ್ಲು ತೆಗೆದು ನೋಡ್ತಾರೆ. ಬಹಳ ಕಡೆ ಏನೂ ಸಿಗದೆ ವಾಪಸ್ ಹೋಗ್ತಾರೆ. ಸಿಕ್ಕಿದ್ರೂ ಗಣಿ ಆಗೋಕೆ ಎಷ್ಟೋ ವರ್ಷ ಬೇಕು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡಿ."

"ನನ್ನ ಬೋರಿನ ತಂಟೆಗೆ ಬರ್ಬೇಡ, ಅಷ್ಟೇ," ಎಂದು ಅಜ್ಜ ಚಪ್ಪಲಿ ಮೆಟ್ಟಿಕೊಂಡು ಪಂಕ್ಚರ್ ಅಂಗಡಿಗೆ ಹೊರಟೇಬಿಟ್ಟ.

ಇದನ್ನೆಲ್ಲ ಸೊಸೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಮಾವನ ಜೊತೆ ವಾದಕ್ಕಿಳಿಯುವವಳಲ್ಲ ಅವಳು, ಆದರೆ ಮಾವನ ನಾಡಿ ಬಲ್ಲವಳು. ಸಂಜೆ ಅಜ್ಜ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಜಗಲಿಯಲ್ಲಿದ್ದಾಗ ಪಕ್ಕದಲ್ಲಿ ಬಂದು ಕೂತಳು.

"ಮಾವ, ಗಣಿಯಲ್ಲಿ ಪಾಳಿ ಬದಲಾಗುವಾಗ ಶವಲ್ ಸುತ್ತ ಒಂದು ಸುತ್ತು ಬರ್ತಿದ್ದೆ ಅಂತಿದ್ರಲ್ಲ, ಅದ್ಯಾಕೆ?"

ಅಜ್ಜನ ಮುಖ ಅರಳಿತು. "ಬರದೆ ಇರೋದುಂಟಾ! ಎಲ್ಲಿ ಏಟು ಬಿದ್ದಿದೆ, ಎಲ್ಲಿ ಎಣ್ಣೆ ಸೋರ್ತಿದೆ ಅಂತ ಹಿಂದಿನ ಪಾಳಿಯವನಿಗೆ ತೋರಿಸಿಯೇ ಗಾಡಿ ವಹಿಸ್ಕೋಬೇಕು. ಒಂದ್ಸಲ ಮಳೆ ಅಂತ ಸೋಮಾರಿತನ ಮಾಡಿದೆ. ಅದಿರು ಎತ್ತೋ ಬಕೆಟ್ಟಲ್ಲಿ ಬಿರುಕು ಮೊದಲೇ ಇತ್ತು, ತಪ್ಪು ಬಂದಿದ್ದು ನನ್ನ ತಲೆ ಮೇಲೆ. ನಂದಲ್ಲ ಅಂತ ಎಷ್ಟು ಬಾಯಿ ಬಡ್ಕೊಂಡ್ರೂ ಒಬ್ಬರೂ ನಂಬಲಿಲ್ಲ."

"ಹಿಂದಿನ ಪಾಳಿಯವರ ಮೇಲೆ ನಿಮಗೆ ಅನುಮಾನವೇ?"

"ಛೆ, ಅವನು ನನ್ನ ಜೀವದ ಗೆಳೆಯ! ಅನುಮಾನ ಅಲ್ಲ ಅದು, ಕೆಲಸದ ಪದ್ಧತಿ."

"ಹಾಗಾದ್ರೆ ನಮ್ಮ ಬೋರಿಗೂ ಒಂದು ಸುತ್ತು ಬನ್ನಿ ಮಾವ," ಎಂದಳು ಸೊಸೆ. "ಕೊರೆದ ಮೇಲೆ ನೀರು ಕೆಟ್ರೆ, ಮೊದಲೇ ಹೀಗಿತ್ತು ಅಂತಾರೆ ಅವರು. ಮೊದಲೇ ಕೆಟ್ಟಿದ್ರೆ ನಾವು ಅವರನ್ನ ಸುಮ್ಮನೆ ಬೈತೀವಿ. ಬಿರುಕು ಯಾರ ಪಾಳೀದು ಅಂತ ಆಗ ಯಾರು ಹೇಳ್ತಾರೆ?"

ಅಜ್ಜನ ಕಣ್ಣು ಅಂಗಳದ ಪಂಪಿನ ಮೇಲೆ ನಿಂತಿತು. ಮಗು ಅವನ ಮೀಸೆ ಹಿಡಿದು ಎಳೆಯುತ್ತಿತ್ತು, ಅದನ್ನೂ ಬಿಡಿಸಿಕೊಳ್ಳಲಿಲ್ಲ.

ಮರುದಿನ ಆರೋಗ್ಯ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಅಜ್ಜ ಅಲ್ಲಿದ್ದ. "ಎಲ್ಲಮ್ಮ ನಿನ್ನ ಬಾಟಲಿ?" ಎಂದು ಗದರುವ ದನಿಯಲ್ಲೇ ಕೇಳಿದ. ನರ್ಸಕ್ಕ ನಗು ನುಂಗಿಕೊಂಡು, ಪ್ರಯೋಗಾಲಯದಿಂದ ಬಂದಿದ್ದ ಶುಚಿಯಾದ ಬಾಟಲಿ ತೆಗೆದಳು. ಮನೆಯ ಅಂಗಳಕ್ಕೆ ಬಂದು, ಪೈಪಿನಲ್ಲಿ ನಿಂತ ನೀರು ಹೋಗಲಿ ಎಂದು ಅಜ್ಜನೇ ಬೆವರು ಸುರಿಸಿ ಪಂಪು ಹೊಡೆದ. ಆಮೇಲೆ ಉಳಿದ ಬೋರುಗಳ ನೀರು ಹಿಡಿಯಲು ಬೀದಿ ಬೀದಿಗೂ ಅವಳ ಹಿಂದೆ ನಡೆದ. ಹುಡುಕಾಟದ ತಂಡದ ಭೂವಿಜ್ಞಾನಿ ಹೆಂಗಸು ಎದುರು ಸಿಕ್ಕಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವಳು ಬಾಟಲಿಗಳನ್ನು ನೋಡಿ, "ಒಳ್ಳೇದೇ ಮಾಡ್ತಿದ್ದೀರಿ, ಕೊರೆಯೋಕೆ ಮುಂಚೆ ನೀರು ಹೇಗಿತ್ತು ಅಂತ ನಮಗೂ ಗೊತ್ತಿರ್ಬೇಕು," ಎಂದಳು. ಯಾರೂ ಗಂಟುಮೂಟೆ ಕಟ್ಟಲಿಲ್ಲ.

ಫಲಿತಾಂಶ ಬಂದಾಗ ನರ್ಸಕ್ಕ ನೇರವಾಗಿ ಅಜ್ಜನ ಮನೆಗೇ ಬಂದಳು. ಊರಿನ ಉಳಿದ ಬೋರುಗಳ ನೀರು ಚೆನ್ನಾಗಿತ್ತು. ಅಜ್ಜನ ಬೋರಿನಲ್ಲಿ ಮಾತ್ರ ಆರ್ಸೆನಿಕ್ ಮಿತಿಗಿಂತ ಹೆಚ್ಚಿತ್ತು. ಕೊರೆಯುವ ಯಂತ್ರವಿನ್ನೂ ಊರ ಹೊರಗೆ ಲಾರಿಯ ಮೇಲೇ ನಿಂತಿತ್ತು. ನೀರಿಗೆ ವಿಷ ಸೇರಿದ್ದು ಯಾರ ತಪ್ಪೂ ಅಲ್ಲ, ಆ ಬೋರಿನ ಅಡಿಯ ಬಂಡೆಯ ಗುಣವೇ ಹಾಗೆ.

ಅಜ್ಜ ಗಂಜಿಯ ಬಟ್ಟಲನ್ನೇ ನೋಡುತ್ತ ಕೂತ. "ನನ್ನ ಕೈಯಾರೆ ಪಂಪು ಹೊಡೆದು ಕೊಟ್ಟೆನಲ್ಲೇ ತಾಯಿ," ಎಂದವನಿಗೆ ಅಳು ತಡೆಯಲಾಗಲಿಲ್ಲ.

"ನಿಮಗೆ ಗೊತ್ತಿರಲಿಲ್ಲ ದೊಡ್ಡಪ್ಪ. ಮಗು ಗಂಜಿಗೆ ಬಂದು ಇನ್ನೂ ಕೆಲವೇ ದಿನ ಆಗಿದೆ, ಬೇಗ ಗೊತ್ತಾಗಿದ್ದೇ ಒಳ್ಳೇದಾಯ್ತು. ಇವತ್ತಿಂದ ಈ ನೀರು ಕುಡಿಯೋಕೂ ಬೇಡ, ಅಡುಗೆಗೂ ಬೇಡ. ಮನೆಯವರೆಲ್ಲ ನಾಳೆ ಡಾಕ್ಟರ ಹತ್ರ ಬನ್ನಿ," ಎಂದು ನರ್ಸಕ್ಕ ಅವನ ಕೈ ಹಿಡಿದಳು.

ಅಂದೇ ಅಜ್ಜ ಅಂಗಡಿಯಿಂದ ಬಣ್ಣದ ಡಬ್ಬಿ ತಂದು ಪಂಪಿಗೆ ಅಡಿಯಿಂದ ಮುಡಿಯವರೆಗೆ ಕೆಂಪು ಬಳಿದ. ಕೆಂಪೆಂದರೆ ಕುಡಿಯಬಾರದು ಎಂದು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಎದುರು ಬೀದಿಯ ಬೋರಿನಿಂದ ಅವನೇ ನೀರು ಹೊತ್ತು ತರುತ್ತಾನೆ.

ಕೊರೆಯುವ ಮುಂಚೆ ಕಂಪನಿಯವರು ಕರೆದ ಊರ ಸಭೆಯಲ್ಲಿ ಮೊದಲು ಎದ್ದವನೂ ಅವನೇ. "ಕೊರೆದ ತೂತನ್ನ ಆಮೇಲೆ ಭದ್ರವಾಗಿ ಮುಚ್ಚುತ್ತೀರಾ? ಕೆಸರು ನೀರು ಎಲ್ಲಿಗೆ ಬಿಡ್ತೀರಿ? ನಮ್ಮ ನೀರನ್ನ ಮತ್ತೆ ಯಾವಾಗ ಪರೀಕ್ಷೆ ಮಾಡಿಸ್ತೀರಿ?" ಉತ್ತರಗಳನ್ನು ಕೇಳಿಸಿಕೊಂಡು ಕೂತವನು ಮತ್ತೆ ಎದ್ದ. "ಹಾಂ, ಏನಾದ್ರೂ ಕೆಲಸ ಇದ್ರೆ ನನ್ನ ಮಗನಿಗೂ ಒಂದು ಮಾತು ಹೇಳಿ." ಸಭೆಯೆಲ್ಲ ನಕ್ಕಿತು, ಭೂವಿಜ್ಞಾನಿಯೂ ನಕ್ಕಳು.

ಅಕ್ಕ, ಅಣ್ಣ, ನಿಮ್ಮ ಬೆಟ್ಟಕ್ಕೂ ಯಾರಾದರೂ ಹುಡುಕಲು ಬಂದಿದ್ದಾರೆಯೇ? ಹೆದರಿ ಓಡಿಸಬೇಕಿಲ್ಲ, ಕಣ್ಣು ಮುಚ್ಚಿ ತಲೆಯಾಡಿಸಲೂಬೇಡಿ. ಕೊರೆಯುವ ಮುಂಚೆ ನಿಮ್ಮ ಬಾವಿ, ಬೋರುಗಳ ನೀರು ಪರೀಕ್ಷೆ ಮಾಡಿಸಿ, ಕೊರೆದ ಮೇಲೆ ಮತ್ತೆ ಮಾಡಿಸಿ. ಫಲಿತಾಂಶದ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ. ಸಭೆಗೆ ಹೋಗಿ, ಬಾಯಿ ಬಿಟ್ಟು ಕೇಳಿ. ನೆಲದಡಿಯ ಚಿನ್ನ ಸಿಕ್ಕರೆ ಸಿಗಲಿ, ಬಿಟ್ಟರೆ ಬಿಡಲಿ. ನಿಮ್ಮ ಮನೆಯ ಮಗು ಇವತ್ತೂ ಗಂಜಿ ಕುಡಿಯುತ್ತದೆ. ಅದರ ನೀರಿಗೆ ನೀವೇ ಒಂದು ಸುತ್ತು ಬಂದು ನೋಡಿ.