ಮುಟ್ಟಿದ ಕಾಯಿ

ಕಾರ್ತಿಕದ ಬಿಸಿಲು ಏರುತ್ತಿತ್ತು. ಬಿ.ಜಿ. ಕೆರೆಯ ತನ್ನ ಮನೆಯಂಗಳದಲ್ಲಿ ಸೂರಮ್ಮ, ಹೊಲದಿಂದ ಕಿತ್ತು ತಂದ ಶೇಂಗಾ ಗಿಡಗಳ ರಾಶಿಯ ಮುಂದೆ ಕೂತು ಕಾಯಿ ಬಿಡಿಸುತ್ತಿದ್ದಳು. ಮಗಳು ತೇಜಶ್ರೀ ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿದ್ದಳು. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ.

"ಇಲ್ಲಿ ಆಳು ಸಿಗದೆ ಸಾಯ್ತಿದೀನಿ. ನೀನು ಮೇಲೆ ಕುಂತು ಮೇಕೆ ಕಾಯ್ತೀಯ," ಎಂದಳು ಸೂರಮ್ಮ, ತಲೆಯೆತ್ತದೆ.

ಮೇಕೆ ಕಾಯುವುದೇ ಕೆಲಸ. ದಾವಣಗೆರೆಯ ಸಣ್ಣ ಕಂಪನಿಯೊಂದಕ್ಕೆ ತೇಜಶ್ರೀ ಹುಲಿ-ಮೇಕೆ ಆಟವನ್ನು ಫೋನಿಗೆ ಹೊಂದಿಸುತ್ತಿದ್ದಳು. ಪರದೆ ಮುಟ್ಟಿದಾಗ ಏನಾಗಬೇಕು, ಎಳೆದಾಗ ಏನು, ಬೆರಳು ಎತ್ತಿದಾಗ ಏನು ಎಂಬುದಷ್ಟೇ ಅವಳ ಪಾಲಿನದು. ಅದಕ್ಕೆ ಅವಳು ಊರ ಗುಡಿಯ ಕಟ್ಟೆಯ ರಿವಾಜನ್ನೇ ಇಟ್ಟಿದ್ದಳು. ಆ ಕಟ್ಟೆಯ ಚಪ್ಪಡಿಯಲ್ಲಿ ಯಾರೋ ಹಿಂದಿನವರು ಕೊರೆದ ಮನೆಗಳಿದ್ದವು. ಅಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಬೆರಳಿಟ್ಟುಕೊಂಡು ಎಷ್ಟು ಹೊತ್ತಾದರೂ ಯೋಚಿಸಬಹುದು, ಎತ್ತಿದರೆ ಮುಗಿಯಿತು.

ಆಟ ನೋಡಿದ ಮಂದಿ ತಕರಾರು ಮಾಡುತ್ತಿದ್ದಾರೆಂದು ಕಂಪನಿಯ ಓಂಕಾರಮೂರ್ತಿ ಎರಡು ಸಲ ಫೋನ್ ಮಾಡಿದ್ದರು. ತಪ್ಪಿ ಬೆರಳು ತಾಗಿದರೆ ಹಿಂದಕ್ಕೆ ತರಲು ಒಂದು ಗುಂಡಿ ಬೇಕಂತೆ. ಅವಳು ಒಪ್ಪಿರಲಿಲ್ಲ. ನಿಮ್ಮೂರ ಕಟ್ಟೆ ಪಂಚಾಯ್ತಿ ಫೋನಿಗ್ಯಾಕಮ್ಮ ಎಂದು ಅವರು ನಕ್ಕಿದ್ದರು.

ಆ ಕಟ್ಟೆಯ ಮೇಲೆ ಅವಳ ಜೊತೆ ಆಡುತ್ತಿದ್ದವಳು ಎದುರು ಮನೆಯ ಶಿಲ್ಪಾ. ಹುಲಿಗೆ ಹೆಂಚಿನ ಚೂರು, ಮೇಕೆಗೆ ಹುಣಸೆ ಬೀಜ. ಹುಲಿ ಹಿಡಿದು ಗೆದ್ದವರು ಮರು ಆಟದಲ್ಲಿ ಮೇಕೆ ಹಿಡಿಯಲೇಬೇಕು. ಆ ಮರು ಆಟ ಕೊಡುವ ತನಕ ಅದು ಸಾಲ. ಶಿಲ್ಪಾಳಿಗೆ ಅರಿಶಿನ ಹಚ್ಚುವ ಹಿಂದಿನ ಸಂಜೆ ತೇಜಶ್ರೀ ಹುಲಿ ಹಿಡಿದು ಗೆದ್ದಿದ್ದಳು. ಮರುದಿನ ಮನೆ ತುಂಬ ನೆಂಟರು. ಆಮೇಲೆ ಶಿಲ್ಪಾ ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆ ಸೊಸೆಯಾಗಿ ಹೋದಳು. ಬಸ್ಸಿಗೆ ದೂರವೇನಲ್ಲ. ತೇಜಶ್ರೀ ಮೊದಮೊದಲು ಹೋಗುತ್ತಿದ್ದಳು. ಹೋದಾಗಲೆಲ್ಲ ಆ ಮನೆಯಲ್ಲಿ ಶಿಲ್ಪಾ ಯಾರಿಗೋ ಊಟಕ್ಕೆ ಬಡಿಸುತ್ತಿರುತ್ತಿದ್ದಳು. ಇವಳು ಒಬ್ಬಳೇ ಕಾಫಿ ಕುಡಿದು ಬರುತ್ತಿದ್ದಳು.

ಆಟ ಒಂದು ಹದಕ್ಕೆ ಬಂದಾಗ ಅವಳು ಅದನ್ನು ಮೊದಲು ಕಳಿಸಿದ್ದು ಶಿಲ್ಪಾಳ ಫೋನಿಗೆ. ಹುಲಿ ನಿನ್ನದು, ಮೇಕೆ ನಂದು ಎಂದು ಬರೆದಿದ್ದಳು. ಯಾರೂ ಕೇಳದಿದ್ದ ಇನ್ನೊಂದು ಸಂಗತಿಯನ್ನೂ ಅದರಲ್ಲಿ ಸೇರಿಸಿದ್ದಳು. ಅಲ್ಲಿ ಕಾಯಿಯ ಮೇಲೆ ಬೆರಳಿಟ್ಟರೆ ಇಲ್ಲಿ ಆ ಕಾಯಿ ಕಪ್ಪಾಗುತ್ತಿತ್ತು. ಕಟ್ಟೆಯ ಮೇಲೆ ಎದುರಿಗೆ ಕೂತವಳ ಬೆರಳು ಕಾಣುತ್ತಿತ್ತಲ್ಲ, ಹಾಗೆ.

ಶಿಲ್ಪಾ ದಿನಕ್ಕೊಂದು ನಡೆ ನಡೆಸುತ್ತಿದ್ದಳು. ಕೆಲವು ದಿನ ಅದೂ ಇಲ್ಲ. ಹುಲಿಗಳು ಮೇಕೆಗಳ ನಡುವೆ ಒಂದೊಂದಾಗಿ ಕಟ್ಟಿಬಿದ್ದು, ನಡೆಸಲು ಒಂದೇ ಉಳಿದಿತ್ತು. ಈಗ ಆ ಹುಲಿ ಕಪ್ಪಾಯಿತು.

ತೇಜಶ್ರೀ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಹುಲಿ ಕಪ್ಪಾಗಿಯೇ ಇತ್ತು. ಕೆಳಗೆ ಅವ್ವ ಗಿಡ ಕೊಡವುತ್ತಿದ್ದಳು, ಮಣ್ಣು ಉದುರುತ್ತಿತ್ತು. ಶಿಲ್ಪಾ ಇಷ್ಟು ಹೊತ್ತು ಯೋಚಿಸಿದ್ದು ಕಟ್ಟೆಯ ಮೇಲೂ ಇರಲಿಲ್ಲ. ಕೆಳತುಟಿ ಕಚ್ಚಿಕೊಂಡಿರಬೇಕು, ಎಂದುಕೊಂಡಳು ತೇಜಶ್ರೀ. ಟ್ಯಾಂಕಿನ ನೆರಳು ಸರಿದು ಕಾಲಿಗೆ ಬಿಸಿಲು ಬಿದ್ದರೂ ಎದ್ದೇಳಲಿಲ್ಲ.

ಹುಲಿ ಸರಿಯಿತು. ಸುಮ್ಮನೆ ಮೂಲೆಯ ಮನೆಗೆ ಹೋಗಿ ನಿಂತಿತು. ಇನ್ನೊಂದು ಮೇಕೆ ಇಟ್ಟರೆ ಆಟ ಮುಗಿದಂತೆ. ಇಷ್ಟು ಯೋಚಿಸಿ ಯಾರೂ ಅಲ್ಲಿಗೆ ಹೋಗುವುದಿಲ್ಲ. ತೇಜಶ್ರೀ ಫೋನ್ ಮಾಡಿದಳು.

"ನಾನೆಲ್ಲಿ ಆಡಿದೆನೇ?" ಎಂದಳು ಶಿಲ್ಪಾ. "ಬಾಗಿಲಾಗೆ ಸೊಪ್ಪಿನೋಳ ಜೊತೆ ಚೌಕಾಸಿ ಮಾಡ್ತಿದ್ದೆ, ಫೋನು ಕೈಯಾಗಿತ್ತು. ಹೆಬ್ಬೆಟ್ಟು ತಾಗಿರ್ಬೇಕು. ಹೋಗ್ಲಿ ಬಿಡು, ನೀನೇ ಗೆದ್ದೆ."

"ಹಂಗಲ್ಲ ಕಣೆ. ಅದು ಸಾಲದ ಆಟ."

"ಯಾವ ಸಾಲ?"

ತೇಜಶ್ರೀ ಕಟ್ಟೆಯ ಸಂಜೆಯನ್ನು ನೆನಪಿಸಿದಳು. ಶಿಲ್ಪಾ ನಕ್ಕಳು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆವತ್ತು ಆಡಿದ್ದೇ ತನಗೆ ನೆನಪಿಲ್ಲ ಎಂದಳು. ಒಳಗಿನಿಂದ ಅತ್ತೆ ಕರೆದರು. "ಆಮೇಲೆ ಮಾಡ್ತೀನಿ ಕಣೆ," ಎಂದು ಫೋನ್ ಇಟ್ಟಳು.

ಒಂದು ಮೇಕೆ ಇಟ್ಟರೆ ಸಾಲ ತೀರುತ್ತಿತ್ತು. ಆದರೆ ಅದು ಆಡದವಳ ಜೊತೆ ಗೆದ್ದು ತೀರಿಸಿದಂತೆ. ತೇಜಶ್ರೀ ಮೇಕೆಯ ಮೇಲೆ ಬೆರಳಿಡಲೇ ಇಲ್ಲ. ಸಂಜೆಯವರೆಗೆ ಕೂತು, ಓಂಕಾರಮೂರ್ತಿ ಕೇಳಿದ್ದ ಗುಂಡಿಯನ್ನು ಮಾಡಿದಳು. ಇನ್ನೊಂದು ಕೆಲಸವೂ ಇತ್ತು, ಕಾಯಿ ಕಪ್ಪಾಗುವುದನ್ನು ತೆಗೆದುಹಾಕುವುದು. ಅದನ್ನು ನಾಳೆಗೆ ಬಿಟ್ಟಳು.

ಗುಂಡಿ ಸರಿಯಾಗಿದೆಯೇ ನೋಡಲು ಮೊದಲ ಸಲ ಒತ್ತಿದಳು. ಹುಲಿ ಮೂಲೆಯಿಂದ ತನ್ನ ಮನೆಗೆ ವಾಪಸು ಬಂದು ಕೂತಿತು. ಸರದಿ ಶಿಲ್ಪಾಳದು.

ಕೆಳಗಿಳಿದು ಅವ್ವನ ಎದುರಿಗೆ ಕೂತು ಒಂದು ಗಿಡ ಎಳೆದುಕೊಂಡಳು. ಫೋನನ್ನು ಮಣ್ಣು ತಾಗದ ಹಾಗೆ ಮೊರದೊಳಗೆ ಇಟ್ಟಳು, ಪರದೆ ಮೇಲ್ಮುಖವಾಗಿ.