ತಾರೀಕಿಲ್ಲದ ರಾಜೀನಾಮೆ

ಆ ಸೋಮವಾರ ಬೆಳಗ್ಗೆ ಜಯನಗರದ ಮೇಲೆ ಮೋಡ ತಗ್ಗಿ ಕೂತಿತ್ತು. ತುಂತುರು ನಿಲ್ಲುತ್ತಲೂ ಇರಲಿಲ್ಲ, ಜೋರಾಗಿ ಬರುತ್ತಲೂ ಇರಲಿಲ್ಲ. ನಾಲ್ಕನೇ ಬ್ಲಾಕಿನ ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಮೇಲೆ ಹುಲಿಗೆವ್ವ ಬರಿಗಾಲಲ್ಲಿ ನಿಂತು ನೀರು ತಳ್ಳುತ್ತಿದ್ದಳು. ಅವಳು ತಳ್ಳಿದಷ್ಟೂ ಬಂದವರ ಚಪ್ಪಲಿಗಳು ಹೊಸ ನೀರು ತರುತ್ತಿದ್ದವು. ಕೆಲಸಕ್ಕಿಟ್ಟ ಕ್ಲೀನಿಂಗ್ ಏಜೆನ್ಸಿ ಅವಳಿಗೂ ಬೂಟು ಕೊಟ್ಟಿತ್ತು, ಒಂದು ಸೈಜು ಚಿಕ್ಕದು. ಬದಲಿಸಿ ಕೊಡಿ ಎಂದಾಗ, ಕಾಲು ಒಗ್ಗಿಕೊಳ್ಳುತ್ತದೆ ಎಂದಿದ್ದರು.

"ನಿಂದ್ರವ್ವ, ಜಾರ್ತೈತಿ. ಈ ಬದಿಗೆ ಬಾ" ಎಂದು ಅವಳು ಸೌಮ್ಯಳ ಕೈ ಹಿಡಿದು ಮೇಲೆ ಹತ್ತಿಸಿದಳು.

ಸೌಮ್ಯ ಅದೇ ಕಟ್ಟಡದಲ್ಲಿದ್ದ ಆ ಏಜೆನ್ಸಿಯ ಆಫೀಸಿಗೆ ಎಚ್.ಆರ್. ಆಗಿ ಬಂದು ಆರು ದಿನವಾಗಿತ್ತು. ಅಪ್ಪ ತಿಮ್ಮರಾಯಪ್ಪನದು ಮಡಿವಾಳ ಮಾರ್ಕೆಟ್ಟಿನಲ್ಲಿ ಸೊಪ್ಪಿನ ವ್ಯಾಪಾರ. ಮಗಳು ಎಂ.ಬಿ.ಎ. ಮಾಡಿದ್ದಳು. ಹನ್ನೊಂದು ಕಡೆ ಇಂಟರ್‌ವ್ಯೂ ಕೊಟ್ಟು ಬಂದಿದ್ದಳು. ಎಲ್ಲರಿಗೂ ಕೌಶಲ ಬೇಕಿತ್ತು. ಮಾತಿನ ಕೌಶಲ, ಕೇಳಿಸಿಕೊಳ್ಳುವ ಕೌಶಲ, ಕನಿಕರದ ಕೌಶಲ. ದೇವರು ಕಿವಿಯನ್ನೂ ಕರುಳನ್ನೂ ಎಲ್ಲರಿಗೂ ಪುಕ್ಕಟೆ ಕೊಟ್ಟ; ಅದಕ್ಕೊಂದು ಸರ್ಟಿಫಿಕೇಟು ಕೊಡುವುದನ್ನು ಮರೆತ. ಆ ಕೊರತೆಯನ್ನು ಕಾಲೇಜುಗಳು ತುಂಬಿಕೊಡುತ್ತಿವೆ.

ಹನ್ನೆರಡನೆಯ ಇಂಟರ್‌ವ್ಯೂ ಇಲ್ಲಿ. ಏಜೆನ್ಸಿ ಮಾಲೀಕ ಭಾರ್ಗವ ಕೇಳಿದ್ದ: "ಎಚ್.ಆರ್.ಗೆ ಮುಖ್ಯವಾಗಿ ಏನ್ ಬೇಕಮ್ಮ?"

"ತಾಳ್ಮೆ ಸಾರ್. ಎದುರಿಗಿರೋರ ಜಾಗದಲ್ಲಿ ನಿಂತು ನೋಡೋ ಬುದ್ಧಿ. ಜಗಳ ಬಂದ್ರೆ ಇಬ್ರಿಗೂ..."

"ಅದೆಲ್ಲ ಇರ್ಲಿ. ಇಲ್ಲೊಂದೆರಡು ಸಾಲು ಕನ್ನಡದಲ್ಲಿ ಬರೀರಿ ನೋಡೋಣ."

ಬರೆದಳು. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಸಖತ್ ಅಕ್ಷರ! ಗುಂಡುಗುಂಡಗೆ! ನಾಳೆಯಿಂದಾನೇ ಬಂದ್ಬಿಡಿ."

ಎರಡು ವರ್ಷದ ಓದು, ಬ್ಯಾಂಕಿನ ಸಾಲ, ಮೂವತ್ತೆರಡು ಪೇಪರು. ಕೊನೆಗೆ ಕೆಲಸ ಕೊಡಿಸಿದ್ದು ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಕೈ ಹಿಡಿದು ತಿದ್ದಿಸಿದ ಅಕ್ಷರ. ಯಾಕೆಂದು ಅವಳಿಗೆ ಆ ಸೋಮವಾರದವರೆಗೂ ತಿಳಿಯಲಿಲ್ಲ.

ಭಾರ್ಗವ ದೈವಭಕ್ತ. ಆಫೀಸಿನ ಕಬ್ಬಿಣದ ಬೀರುವಿನ ನೆತ್ತಿಯ ಮೇಲೇ ಗಣಪತಿಯ ಪಟ. ದಿನಾ ಊದುಬತ್ತಿ ಬೆಳಗುವಾಗ ಹೊಗೆ ಮೊದಲು ಬೀರುವಿಗೆ, ಉಳಿದದ್ದು ದೇವರಿಗೆ. ಕೇಳಿಸಿಕೊಳ್ಳುವ ಕೌಶಲದಲ್ಲಿ ಗಣಪತಿಯನ್ನು ಮೀರಿಸುವವರಿಲ್ಲ, ಸುಮ್ಮನೆ ಕೂತಿದ್ದ.

ಆ ಸೋಮವಾರ ಮಂಗಳಾರತಿ ಮುಗಿಸಿ ಭಾರ್ಗವ ಬೀರುವಿನಿಂದ ಒಂದು ಫೈಲು ತೆಗೆದ. ಒಳಗೆ ನಲವತ್ತಾರು ಹಾಳೆ. ಮೇಲಿನವುಗಳಲ್ಲೆಲ್ಲ ಗುಂಡಗಿನ ಕೈಬರಹದಲ್ಲಿ ಒಂದೇ ಒಕ್ಕಣೆ: 'ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.' ಕೆಳಗೆ ಹೆಬ್ಬೆಟ್ಟು ಅಥವಾ ಸೊಟ್ಟ ಸಹಿ. ತಾರೀಕಿನ ಜಾಗ ಖಾಲಿ.

"ಇಷ್ಟೊಂದ್ ಜನ ಕೆಲ್ಸ ಬಿಡ್ತಿದಾರಾ ಸಾರ್?"

ಭಾರ್ಗವ ನಕ್ಕ. "ಸೇರೋ ದಿನಾನೇ ರಾಜೀನಾಮೆ ಈಸ್ಕೊಂಡ್ಬಿಡೋದು. ನಮ್ ಲೈನಲ್ಲಿ ಪದ್ಧತಿ. ಆಮೇಲೆ ಬೇಕಾದಾಗ ತಾರೀಕು. ಹುಲಿಗೆವ್ವಂದು ತಗೊಳ್ಳಿ. ಗುರುವಾರಕ್ಕೆ ಐದು ವರ್ಷ ತುಂಬತ್ತೆ. ತುಂಬಿದ್ರೆ ಗ್ರಾಚ್ಯುಟಿ ಅಂತ ಗಂಟು ದುಡ್ಡು ಕೊಡ್ಬೇಕು. ಇವತ್ತಿನ ತಾರೀಕು ಹಾಕಿ, ನಾಡಿದ್ದು ಹೊಸದಾಗಿ ಸೇರ್ಸ್ಕೊಂಡ ಆರ್ಡರ್ ಕೊಡಿ. ಕೆಲ್ಸ ಅದೇ, ಮೆಟ್ಲು ಅದೇ."

"ಐದು ವರ್ಷ ದುಡಿದಿದ್ದು?"

"ಅದಕ್ಕೇ ಎಚ್.ಆರ್. ಬೇಕು ಅನ್ನೋದು! ಕೂರ್ಸಿ, ಟೀ ಕೊಟ್ಟು, ಅರ್ಥ ಆಗತ್ತೆ ಅಮ್ಮಾ ಅನ್ನಿ. ಹೋದ್ಸಲದ ಹುಡುಗಿ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಅರ್ಜಿ ಒಂದ್ ಕೈ, ತಾರೀಕು ಒಂದ್ ಕೈ ಅಂತ ಲೇಬರ್ ಆಫೀಸಲ್ಲಿ ಹಿಡ್ಕೊಂಡ್ಬಿಟ್ರು. ನಿಮ್ಮದು ಇದಕ್ಕೆ ಅಚ್ಚು ಹೊಯ್ದ ಹಾಗಿದೆ."

ಬೀಗದಕೈ ಮೇಜಿನ ಮೇಲಿಟ್ಟು ಭಾರ್ಗವ ಜೆ.ಪಿ. ನಗರದ ಗಿರಾಕಿಯನ್ನು ನೋಡಲು ಹೊರಟುಹೋದ.

ಸೌಮ್ಯ ಫೈಲನ್ನು ಮಗುಚುತ್ತ ಹೋದಳು. ಕೊನೆಯ ಹಾಳೆಯ ರಾಜೀನಾಮೆ ಇಂಗ್ಲಿಷಿನಲ್ಲಿತ್ತು, ಕಂಪ್ಯೂಟರಿನಲ್ಲಿ ಹೊಡೆದದ್ದು. ಕೆಳಗೆ ಅವಳದೇ ಸಹಿ. ಮೊದಲ ದಿನ ಇಪ್ಪತ್ತು ಕಾಗದಗಳಿಗೆ ಓದದೆ ಸಹಿ ಹಾಕಿದ್ದು ನೆನಪಾಯಿತು. ಪದವಿಗೂ ಹೆಬ್ಬೆಟ್ಟಿಗೂ ಇಷ್ಟೇ ವ್ಯತ್ಯಾಸ: ಇವಳ ಕಾಗದದ ಇಂಗ್ಲಿಷು ಶುದ್ಧವಾಗಿತ್ತು.

ಅವಳು ಹುಲಿಗೆವ್ವನನ್ನು ಕರೆದಳು. ಕೂರಿಸಿದಳು. ಟೀ ಕೊಟ್ಟಳು.

"ಅಮ್ಮಾ, ಸೇರೋ ದಿನ ಹೆಬ್ಬೆಟ್ಟು ಒತ್ತಿದ್ರಲ್ಲ, ಯಾತಕ್ಕೆ?"

"ಯೂನಿಫಾರಂ ಕೊಡಾಕ ಅಂದ್ರವ್ವ. ಮೂರು ಹಾಳಿಗೆ ಒತ್ತಿಸಿಕೊಂಡ್ರು. ಸೀರಿ ಒಂದ ಕೊಟ್ರು." ಅವಳು ಟೀ ಊದಿದಳು. "ಯಾಕ, ಇನ್ನೂ ಒತ್ತಬೇಕೇನು? ತಾ, ಒತ್ತತೀನಿ."

"ಕೆಲ್ಸ ಬಿಡ್ತೀರಾ?"

ಹುಲಿಗೆವ್ವನ ಲೋಟ ನಿಂತಿತು. "ಯಾರಂದ್ರು? ನಾ ಎಲ್ಲಿಗೂ ಹೋಗಂಗಿಲ್ಲ. ಗುರುವಾರಕ್ಕ ಐದು ವರ್ಷ ಆಕ್ಕಾವು. ಆ ರೊಕ್ಕದಾಗ ಮಗಳ ಕಣ್ಣಿನ ಆಪರೇಷನ್ ಮಾಡ್ಸತೀನಿ ಅಂತ ಡಾಕ್ಟರಿಗೆ ಹೇಳೀನಿ. ಜ್ವರ ಬಂದಾಗೂ ರಜಾ ಹಾಕಿಲ್ಲ ನೋಡವ್ವ."

'ಅರ್ಥ ಆಗತ್ತೆ ಅಮ್ಮಾ' ಎಂಬ ಮಾತು ಸೌಮ್ಯಳ ನಾಲಿಗೆಯವರೆಗೆ ಬಂದು ಅಲ್ಲೇ ಒಣಗಿತು.

ಫೋನು ಬಡಿದುಕೊಂಡಿತು. ಭಾರ್ಗವ. "ಹೇಳಿದ್ರಾ? ಹುಲಿಗೆವ್ವ ಅತ್ಲಾ?"

"ಮಾತಾಡ್ತಾ ಇದೀನಿ ಸಾರ್. ಅಳ್ಲಿಲ್ಲ."

"ವೆರಿ ಗುಡ್! ಹುಟ್ಟು ಎಚ್.ಆರ್. ನೀವು."

ಹನ್ನೆರಡು ಗಂಟೆಗೆ, ಎಲ್ಲ ಸೋಮವಾರಗಳಂತೆ, ಬೇರೆ ಬೇರೆ ಕಟ್ಟಡಗಳ ಹೆಂಗಸರು ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬಂದು ಸಾಲು ನಿಂತರು. ಕೊಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರಿಗಿಂತ ಮುಂದೆ ಬೈರಮ್ಮ, ಬನಶಂಕರಿಯ ಆಸ್ಪತ್ರೆಯಲ್ಲಿ ನೆಲ ಒರೆಸುವವಳು.

"ಏನ್ ಮೇಡಂ, ಹುಲಿಗೆವ್ವಂಗೆ ಕುರ್ಚಿ! ಯಾವಾಗ ಆಫೀಸರ್ ಆದ್ಲು?"

ಸಾಲು ನಕ್ಕಿತು. ಸೌಮ್ಯ ನಗಲಿಲ್ಲ. ಎದ್ದು ನಿಂತು, ಫೈಲಿನ ಮೊದಲ ಹಾಳೆಯನ್ನು ಗಟ್ಟಿಯಾಗಿ, ನಿಧಾನವಾಗಿ ಓದಿದಳು. ತಾರೀಕಿಲ್ಲದ ಜಾಗವನ್ನು ಬೆರಳಿಟ್ಟು ತೋರಿಸಿ, ಇಂಥದೊಂದು ಎಲ್ಲರ ಹೆಸರಲ್ಲೂ ಇದೆ ಎಂದಳು.

ಬೈರಮ್ಮ ಕೊಡೆಯನ್ನು ಗೋಡೆಗೊರಗಿಸಿ ಫೈಲಿನ ಮೇಲೆ ಬಗ್ಗಿದಳು.

"ನಾನೇ ಬಿಟ್ಟಿದೀನಾ?" ಎಂದಳು. "ನಂಗೇ ಗೊತ್ತಿಲ್ದಂಗೆ?"

"ಗಣಪ್ಪನ ಕೆಳಗ ಇಟ್ಟಾರಲ್ಲ ಇದನ್ನ" ಎಂದಳು ಹುಲಿಗೆವ್ವ.

ಸೌಮ್ಯ ಅವಳ ಹಾಳೆಯನ್ನು ತೆಗೆದು ಕೊಟ್ಟಳು. ಹುಲಿಗೆವ್ವನಿಗೆ ಓದು ಬಾರದು. ಆದರೆ ನೀಲಿ ಶಾಯಿಯ ಆ ಹೆಬ್ಬೆಟ್ಟಿನ ನಡುವೆ ಹಾದುಹೋದ ತನ್ನ ಬೆರಳಿನ ಕುಡುಗೋಲು ಗಾಯದ ಗೆರೆಯನ್ನು ಗುರುತು ಹಿಡಿದಳು. ಹಾಳೆಯನ್ನು ಎಂಟು ಮಡಿಕೆ ಮಾಡಿ ಸೊಂಟದ ಚೀಲಕ್ಕೆ ಸೇರಿಸಿ, ಕುರ್ಚಿ ಬಿಟ್ಟೆದ್ದು ಸೌಮ್ಯಳ ಪಕ್ಕಕ್ಕೆ ಬಂದು ನಿಂತಳು.

ಸೌಮ್ಯ ಮುಂದಿನ ಹಾಳೆ ತೆಗೆದು ಹೆಸರು ಓದಿದಳು. ಬೈರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು.