ಮೂರು ಬೇಸಿಗೆಯ ಲೆಕ್ಕ

ಜಂಬುನಾಥನಿಗೆ ಕುತ್ತಿಗೆಯಿಂದ ಕೆಳಗೆ ಬೆವರು ಬರುತ್ತಿರಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆಗಳ ಮೇಲಿಂದ ಬಿದ್ದು ಕತ್ತಿನ ಮೂಳೆ ಮುರಿದಾಗ ಕೈಕಾಲು ಹೋದದ್ದು ಎಲ್ಲರಿಗೂ ಕಂಡಿತ್ತು. ಬೆವರು ಹೋದದ್ದು ಗೊತ್ತಾದದ್ದು ಬೇಸಿಗೆ ಬಂದು, ಮೈ ಕಾದು, ಮಾತು ತೊದಲಿದಾಗ.

"ಇವರ ಮೈ ತಾನಾಗಿ ತಣ್ಣಗಾಗೋದಿಲ್ಲಮ್ಮ. ನೀವೇ ತಣ್ಣಗೆ ಇಡಬೇಕು," ಎಂದರು ಡಾಕ್ಟರು.

ಬಳ್ಳಾರಿಯ ಬಿಸಿಲಿನಲ್ಲಿ ಅದು ಸುಲಭದ ಮಾತಲ್ಲ. ಹೆಂಡತಿ ಶಶಿರೇಖಾ ಸತ್ಯನಾರಾಯಣಪೇಟೆಯ ಬಾಡಿಗೆ ಮನೆಯಲ್ಲಿ ಜೀನ್ಸ್ ಹೊಲಿದು ಸಂಸಾರ ನಡೆಸುತ್ತಿದ್ದಳು. ಮುಚ್ಚಿಹೋದ ಲಾಡ್ಜೊಂದರಿಂದ ಹಳೆಯ ಕಿಟಕಿ ಎ.ಸಿ. ಒಂದನ್ನು ಅಗ್ಗಕ್ಕೆ ತಂದು ಗಂಡನ ಕೋಣೆಗೆ ಹಾಕಿಸಿದಳು. ಅದು ತಂಪು ಕೊಟ್ಟದ್ದಕ್ಕಿಂತ ಸದ್ದು ಮಾಡಿದ್ದೇ ಹೆಚ್ಚು. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕು, ನಡುನಡುವೆ ರಿಪೇರಿ ಬೇರೆ. ಇನ್ನೂರು ಯೂನಿಟ್ ದಾಟಿದ್ದರಿಂದ ಸರ್ಕಾರದ ಪುಕ್ಕಟೆ ಕರೆಂಟೂ ಕೈತಪ್ಪಿ, ಬಿಲ್ ಪೂರ್ತಿ ಇವಳ ತಲೆಗೇ ಬರುತ್ತಿತ್ತು. ಹೊಲಿದ ದುಡ್ಡಿನ ದೊಡ್ಡ ಪಾಲು ಆ ಡಬ್ಬಿಯ ಹೊಟ್ಟೆಗೇ ಹೋಗುತ್ತಿತ್ತು.

ಅದರ ಗದ್ದಲದಲ್ಲಿ ಜಂಬುನಾಥನ ಸಣ್ಣ ದನಿ ಅಡಗಿಹೋಗುತ್ತಿತ್ತು. ಶಶಿರೇಖಾ ಪಡಸಾಲೆಯಲ್ಲಿ ಮಿಷಿನ್ ತುಳಿಯುತ್ತಿದ್ದರೆ ಆತ ಒಳಗೆ ಸೂರು ನೋಡುತ್ತ ಮಲಗಿರುತ್ತಿದ್ದ. ನೀರು ಕುಡಿಸಲು, ಮಗ್ಗುಲು ಬದಲಿಸಲು ಅವಳು ಒಳಗೆ ಹೋದಾಗ ಒಂದೆರಡು ಮಾತು, ಅಷ್ಟೇ.

ಆ ವರ್ಷ ಯುಗಾದಿ ಕಳೆದ ಮೇಲೆ ಆತ ಹೊಸದೊಂದು ಮಾತು ಶುರು ಮಾಡಿದ. "ಶಶಿ, ತಲಿ ಭಾಳ ತಣ್ಣಗಾಗೈತಿ. ಸ್ವಲ್ಪೊತ್ತು ಆರಿಸು."

ಹಣೆ ಮುಟ್ಟಿ ನೋಡಿದರೆ ತಣ್ಣಗೇ ಇರುತ್ತಿತ್ತು. ಅವಳು ಆರಿಸುತ್ತಿದ್ದಳು. ದಿನಾ ಮಧ್ಯಾಹ್ನ ಹೀಗೇ ನಡೆಯಿತು. ಒಂದು ದಿನ ಹಾಗೆ ಆರಿಸಿಟ್ಟು, ಹೊಲಿದ ಪ್ಯಾಂಟಿನ ಗಂಟು ಕೊಟ್ಟು ಬರಲು ಹೋದವಳಿಗೆ ತಡವಾಯಿತು. ಬಂದು ನೋಡಿದರೆ ಜಂಬುನಾಥನ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಮೈ ಕಾದ ಹಂಚಿನಂತಾಗಿತ್ತು.

ಆಸ್ಪತ್ರೆಯಲ್ಲಿ ಎಚ್ಚರ ಬಂದ ಮೇಲೆ ಆತ ನಿಜ ಹೇಳಿದ್ದು ಹೆಂಡತಿಗಲ್ಲ, ಕುರುಗೋಡಿನಿಂದ ಓಡಿಬಂದ ಅಕ್ಕ ಹೊನ್ನೂರಮ್ಮನಿಗೆ. "ನಂಗೇನೂ ತಣ್ಣಗಾಗಿರಲಿಲ್ಲಕ್ಕ. ಬಿಲ್ ಬಂದ ದಿನ ಆಕಿ ಮುಖ ನೋಡಾಕ ಆಗ್ತಿರಲಿಲ್ಲ. ಅದಕ್ಕ ಹಂಗ ಹೇಳಿದೆ."

ಬಾಗಿಲಲ್ಲಿ ನಿಂತಿದ್ದ ಶಶಿರೇಖಾಳ ಕಿವಿಗೆ ಅದು ಬಿತ್ತು. ಅವಳು ಒಳಗೆ ಬರಲಿಲ್ಲ. ವರಾಂಡದ ಕಂಬ ಹಿಡಿದು ನಿಂತೇ ಇದ್ದಳು.

ಮನೆಗೆ ಬಂದ ಮೇಲೆ ಹೊನ್ನೂರಮ್ಮ ಪಟ್ಟು ಹಿಡಿದಳು. "ಆ ಹಾಳು ಡಬ್ಬಿ ಕಿತ್ತು ಹಾಕು. ನನ್ನ ಮಗಳ ಮನ್ಯಾಗ ಹೊಸಾದು ತಂದಾರ. ಕರೆಂಟು ಅರ್ಧಕ್ಕರ್ಧ ಕಮ್ಮಿ ತಿಂತೈತಂತ. ರಿಪೇರಿ ಕಾಟನೂ ಇಲ್ಲ. ಮೂರು ಬೇಸಿಗಿ ದಾಟಿದ್ರ ಹಾಕಿದ ರೊಕ್ಕ ಪೂರಾ ವಾಪಸ್ ಬಂದಂಗ."

ಶಶಿರೇಖಾ ಇನ್ನೊಂದು ಹೊಲಿಗೆ ಮಿಷಿನ್ ಕೊಳ್ಳಲೆಂದು ಕೂಡಿಟ್ಟಿದ್ದಳು. ಅದನ್ನೇ ತೆಗೆಯುತ್ತೇನೆ ಎಂದಾಗ ಜಂಬುನಾಥ ಮುಖ ಗೋಡೆಗೆ ತಿರುಗಿಸಿದ.

"ಮಿಷಿನ್ ತಗೋ. ಅದು ದುಡಿದು ಹಾಕ್ತದ."

"ಇದೂ ಉಳಿಸಿಕೊಡ್ತದಂತ ಯಕ್ಕ ಹೇಳಿದ್ದು ಕೇಳಿಲ್ಲೇನ್ರಿ?"

"ಕೇಳೀನಿ. ಮೂರು ಬೇಸಿಗಿ ಬೇಕು ಅದಕ್ಕ. ಅಷ್ಟು ದಿನ ನಾ ಇರ್ತೀನಂತ ಯಾರು ಹೇಳ್ಯಾರ? ನಡುವ ಹೋದ್ರ ನಿನ್ನ ರೊಕ್ಕ ಮಣ್ಣುಪಾಲು."

ಶಶಿರೇಖಾಳಿಗೆ ಸಿಟ್ಟು ನೆತ್ತಿಗೇರಿತು. ಮದುವೆಯಾದಾಗಿನಿಂದ ಆತನ ಮೇಲೆ ಅವಳು ದನಿ ಎತ್ತಿದವಳಲ್ಲ. "ನನ್ನ ಮುಂದ ಇಂಥ ಲೆಕ್ಕ ಹಾಕಬ್ಯಾಡ್ರಿ!" ಎಂದು ಕೂಗಿ, ಅಡುಗೆಮನೆಗೆ ಹೋಗಿ, ಹಿಟ್ಟು ನಾದುತ್ತ ಅತ್ತಳು.

ಹೊಸ ಎ.ಸಿ. ಬಂತು. ಹಾಕಿದ್ದೇ ಗೊತ್ತಾಗದಂತೆ ಸದ್ದಿಲ್ಲದೆ ಕೋಣೆ ತಣ್ಣಗಾಯಿತು. ಹೊನ್ನೂರಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಬಿಲ್ ಅರ್ಧಕ್ಕೆ ಇಳಿಯಿತು. ಮಳೆ ಹಿಡಿದು ಬಳಕೆ ಕಮ್ಮಿಯಾದ ಮೇಲೆ ಪುಕ್ಕಟೆ ಕರೆಂಟೂ ಮರಳಿ ಬಂತು. ಬಿಲ್ ತೋರಿಸಿದಾಗ ಜಂಬುನಾಥ ಸೋತವನಂತೆ ನಕ್ಕ.

ಆದರೆ ಶಶಿರೇಖಾಳಿಗೆ ದಕ್ಕಿದ್ದು ಬರೀ ದುಡ್ಡಲ್ಲ. ಸದ್ದಿಲ್ಲದ್ದರಿಂದ ಅವಳು ಮಿಷಿನನ್ನು ಆತನ ಮಂಚದ ಪಕ್ಕಕ್ಕೇ ತಂದುಕೊಂಡಳು. ಆತ ಮಾತಾಡಿದ್ದು ಕೇಳುತ್ತಿತ್ತು. ತುಂಗಭದ್ರೆಯ ಕಾಲುವೆಯಲ್ಲಿ ಈಜಿದ್ದು, ಕದ್ದು ತೆಲುಗು ಸಿನಿಮಾಕ್ಕೆ ಹೋದದ್ದು, ಮೊದಲ ಸಲ ಅವಳನ್ನು ನೋಡಲು ಬಂದಾಗ ಉಪ್ಪಿಟ್ಟಿಗೆ ಉಪ್ಪಿಲ್ಲದಿದ್ದರೂ ಎರಡು ಸಲ ಹಾಕಿಸಿಕೊಂಡು ತಿಂದದ್ದು. "ಅವಾಗ ಹೇಳಬೇಕಿಲ್ಲೇನ್ರಿ!" ಎಂದು ಅವಳು ಹೊಲಿಗೆ ಬಿಟ್ಟು ನಗುತ್ತಿದ್ದಳು. ಗಂಡನ ಜೊತೆ ಅಷ್ಟು ಮಾತು ಅವಳು ಆತ ಓಡಾಡುತ್ತಿದ್ದ ಕಾಲದಲ್ಲೂ ಆಡಿರಲಿಲ್ಲ.

ದೀಪಾವಳಿ ಮುಗಿದ ವಾರದಲ್ಲೇ ಆತನ ಎದೆಯಲ್ಲಿ ಕಫ ಕಟ್ಟಿತು. ಕೆಮ್ಮಿ ಹೊರಹಾಕುವ ಶಕ್ತಿ ಆತನಿಗಿರಲಿಲ್ಲ. ಆಸ್ಪತ್ರೆಯಿಂದ ಈ ಸಲ ಮರಳಿ ಬರಲಿಲ್ಲ. ಕುರುಗೋಡಿನ ಹೊಲದಲ್ಲಿ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು. ಹೊನ್ನೂರಮ್ಮ ಒಂದು ಹನಿ ಕಣ್ಣೀರು ಹಾಕದೆ, ಬಂದವರಿಗೆಲ್ಲ ನೀರು, ಊಟ ಎಂದು ಓಡಾಡಿದಳು.

ಮುಂದಿನ ಬೇಸಿಗೆ ಬಂತು. ಶಶಿರೇಖಾ ಮಿಷಿನನ್ನು ಮತ್ತೆ ಪಡಸಾಲೆಗೆ ಎಳೆದುಕೊಂಡು, ಕೋಣೆಯ ಬಾಗಿಲಿಗೆ ಚಿಲಕ ಹಾಕಿದ್ದಳು. ಕಾಯಿಪಲ್ಲೆಯ ಚೀಲ ಹಿಡಿದು ಬಂದ ಹೊನ್ನೂರಮ್ಮ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಹೊಲಿಯುತ್ತಿದ್ದವಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅಲ್ಲವಾ, ಒಳಗ ತಂಪು ಇಟ್ಕೊಂಡು ಇಲ್ಲಿ ಬೇಯ್ತಿಯಲ್ಲ?"

"ಒಬ್ಬಾಕಿಗೆ ಯಾಕ ಯಕ್ಕಾ ಅಷ್ಟು ಕರೆಂಟು?"

"ಒಬ್ಬಾಕಿ ಅಂದ್ರ ಬಿಸಲು ಬಿಡ್ತೈತೇನು?"

ಹೊನ್ನೂರಮ್ಮ ತಾನೇ ಚಿಲಕ ತೆಗೆದಳು, ಎ.ಸಿ. ಹಾಕಿದಳು, ಚಾಪೆ ಹಾಸಿದಳು. ಶಶಿರೇಖಾ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತು, ಆಮೇಲೆ ಬಂದು ಪಕ್ಕದಲ್ಲಿ ಮಲಗಿದಳು. ಇಬ್ಬರ ಕಣ್ಣೂ ಸೂರಿನ ಮೇಲಿತ್ತು.

"ನೀವಿಬ್ರೂ ಇಲ್ಲಿ ಏನೇನು ಮಾತಾಡ್ತಿದ್ರೆವ್ವ?" ಹೊನ್ನೂರಮ್ಮ ಮೆಲ್ಲಗೆ ಕೇಳಿದಳು. "ನನ್ನ ಸುದ್ದಿ ಏನರ ಬರ್ತಿತ್ತೇನು?"

"ಭಾಳ ಬರ್ತಿತ್ತು. ಪಾಟಿಚೀಲ ಹೊತ್ತು ಸಾಲಿಗೆ ಹೋಗುವಾಗ ನಿಮ್ಮ ಚಪ್ಪಲಿ ಬಿಚ್ಚಿ ಅವರಿಗೆ ಹಾಕಿ, ನೀವು ಬರಿಗಾಲಾಗ ನಡೀತಿದ್ರಂತ."

"ಅದು ಅವ್ನಿಗೆ ನೆನಪಿತ್ತಾ?"

ಶಶಿರೇಖಾ ಹೂಂ ಎಂದಳು. ಹೊನ್ನೂರಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಆದರೂ ಅಳು ನಿಲ್ಲಲಿಲ್ಲ. ಶಶಿರೇಖಾ ಎದ್ದು ಕುಳಿತು, ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.